ಕಲ್ಲುಹೂವು ತೆಗೆಯುವುದು ಹೇಗೆ

ಮೂವತ್ತೊಂದು ವರ್ಷ ಟ್ರೆಗರಾನಿನಲ್ಲಿ ಅಂಚೆ ಹಂಚಿದೆ.
ಈಗ ಕಲ್ಲುಹೂವು ಎಣಿಸುತ್ತೇನೆ.
ಚಾಪೆಲ್ಲಿನ ಹಿಂದೆ ಇನ್ನೂರ ಆರು ಸಮಾಧಿ,
ಅವುಗಳ ಮೈಮೇಲೆ ಅರವತ್ತೆರಡು ಜಾತಿ.
ಹಕ್ಕಿ ಕೂತು ಹಿಕ್ಕೆ ಹಾಕುವ ನೆತ್ತಿಗೆ ಅರಿಸಿನ ಬಣ್ಣದ್ದು,
ಬಿಸಿಲು ಕಾಣದ ಬಡಗಣ ಮೈಗೆ ಬೂದಿ ಬಣ್ಣದ್ದು.
ವರ್ಷಕ್ಕೆ ಅರ್ಧ ಮಿಲಿಮೀಟರು ನಡೆಯುತ್ತವೆ,
ಏರಿನಲ್ಲಿ ನನ್ನ ಸೈಕಲ್ಲಿಗಿಂತ ತುಸು ನಿಧಾನ.

ಇದನ್ನೆಲ್ಲ ಬರೆದು ಒಂದು ವೆಬ್‌ಸೈಟು ಮಾಡಿದೆ.
ಲ್ಯಾಟಿನ್ ಹೆಸರು, ಅಳತೆ, ಚಿತ್ರ.
ಹೆಸರಿಟ್ಟೆ: ನಿಧಾನದ ತೋಟ.
ಹನ್ನೊಂದು ತಿಂಗಳಲ್ಲಿ ನಲವತ್ತು ಭೇಟಿ.
ಮೂವತ್ತೇಳು ನನ್ನವೇ,
ಎರಡು ಕಾರ್ಡಿಫಿನ ನನ್ನ ತಂಗಿಯವು,
ಇನ್ನೊಬ್ಬರು ತೋಟದ ಬೇಲಿ ಹುಡುಕುತ್ತ ಬಂದು
ಹಾಗೇ ಹೋದವರು.

ಟುಡುರ್ ಬಂದ. ಪ್ರೆಷರ್ ವಾಷರ್ ಮಾರುವವನು,
ಹುಡುಕಿದರೆ ಮೊದಲ ಪುಟದಲ್ಲೇ ಸಿಗುವವನು.
ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಅಂದ:
"ಎಲುನೆಡ್, ನಿನಗೆ ಗೊತ್ತಿರುವುದನ್ನು ಬರೆದಿದ್ದೀಯ.
ಯಾರು ಕೇಳಿದರು ಅದನ್ನು?
ಜನ ಏನು ಕೇಳುತ್ತಾರೋ ಅದೇ ತಲೆಬರಹ ಆಗಬೇಕು.
ಚಿತ್ರಗಳ ತೂಕ ಇಳಿಸು, ಪುಟ ತೇಕುತ್ತಿದೆ.
ಪುಟದಿಂದ ಪುಟಕ್ಕೆ ಕೊಂಡಿ ಹಾಕು,
ಸರ್ಚ್ ಎಂಜಿನ್ನು ಕುರುಡು, ಕೈ ಹಿಡಿದು ನಡೆಸಬೇಕು."

ಆಮೇಲೆ ಪಟ್ಟಿ ತೋರಿಸಿದ,
ಕಲ್ಲುಹೂವಿನ ಬಗ್ಗೆ ಲೋಕ ಕೇಳುವುದು.
ತೆಗೆಯುವುದು ಹೇಗೆ.
ಬ್ಲೀಚ್ ಹಾಕಬಹುದೆ.
ತಂತಿ ಬ್ರಷ್ಷೋ ವಿನಿಗರೋ.
ಮತ್ತೆ ಬರದ ಹಾಗೆ ಕೊಲ್ಲುವುದು ಹೇಗೆ.
ಒಬ್ಬರಾದರೂ ಇದರ ಹೆಸರೇನು ಅಂತ ಕೇಳಿರಲಿಲ್ಲ.

ಎರಡು ದಿನ ಟುಡುರನ ಫೋನು ಎತ್ತಲಿಲ್ಲ.
ಮೂರನೆಯ ದಿನ ನೆನಪಾಯಿತು:
ನನ್ನ ಚೀಲದಲ್ಲಿ ಸರಿಯಾದ ವಿಳಾಸ ಎಷ್ಟಿರುತ್ತಿದ್ದವು?
ಸೇತುವೆ ಪಕ್ಕದ ಕೆಂಪು ಬಾಗಿಲಿಗೆ.
ಕುಂಟ ನಾಯಿಯ ಡೈ ಅವರಿಗೆ.
ಕಾಗುಣಿತ ಕೆಟ್ಟವು, ಮಳೆಗೆ ಕಲೆಸಿಹೋದವು.
ಹಿಂದಕ್ಕೆ ಕಳಿಸಿದೆನೆ? ಒಂದನ್ನೂ ಇಲ್ಲ.

ದಪ್ಪ ಅಕ್ಷರದಲ್ಲಿ ಬರೆದೆ:
ಸಮಾಧಿಯ ಕಲ್ಲುಹೂವು ತೆಗೆಯುವುದು ಹೇಗೆ.
ಕೆಳಗೆ ಮೊದಲ ಸಾಲು: ತೆಗೆಯಬೇಡಿ.
ಅದರ ಕೆಳಗೆ ಹದಿನೇಳು ಕಾರಣ.

"ಇದು ಮೋಸ" ಅಂದ ಟುಡುರ್, ಮೆಚ್ಚುಗೆಯಿಂದ.
ತನ್ನ ವಾಷರಿನ ಜಾಹೀರಾತಿಗೆ ಬಲಗಡೆ ಜಾಗ ಕೇಳಿದ.
ಕೊಡಲಿಲ್ಲ. ಬಿಸ್ಕತ್ತು ಕೊಟ್ಟೆ.

ಬಂದರು. ಮೊದಲ ವಾರ ಒಂಬತ್ತು ಜನ,
ಈಸ್ಟರಿನ ಹೊತ್ತಿಗೆ ದಿನಕ್ಕೆ ಇನ್ನೂರು.
ಬ್ರಷ್ಷು ಕೈಯಲ್ಲಿ ಹಿಡಿದೇ ಬಂದರು,
ಸರಾಸರಿ ಹನ್ನೊಂದು ಸೆಕೆಂಡು ನಿಂತರು,
ಬೇಡಿ ಅನ್ನುವುದನ್ನು ಓದಲು ಅಷ್ಟು ಸಾಕು,
ಬ್ಲೀಚ್ ಮಾರುವ ಇನ್ನೊಂದು ಬಾಗಿಲಿಗೆ ನಡೆದರು.
ಅಂಕಿ ನೋಡಿ ಹಿಗ್ಗಿದವಳು ಅಂಕಿ ನೋಡಿಯೇ ಕುಗ್ಗಿದೆ.

ನವೆಂಬರು. ಅವರು ಟೈಪು ಮಾಡಿದ ಮಾತುಗಳ ಪಟ್ಟಿ,
ಅದರ ತಳದಲ್ಲಿ, ಒಂದೇ ಒಂದು ಸಲ:
ಅಮ್ಮನ ಹೆಸ್ರು ಕಲ್ಲಲ್ಲಿ ಕಾಣ್ತಿಲ್ಲ ಏನ್ ಮಾಡ್ಲಿ

ಅದಕ್ಕೆ ನನ್ನ ಪುಟ ಕೊಟ್ಟ ಉತ್ತರ:
ತೆಗೆಯಬೇಡಿ.

ಚಹಾ ಆರಿತು.
ಬಚ್ಚಲಿನ ಕನ್ನಡಿ ಬಿಚ್ಚಿ, ಕೋಟಿನೊಳಗೆ ಅವುಚಿಕೊಂಡು
ಚಾಪೆಲ್ಲಿನ ಹಿಂದಕ್ಕೆ ಹೋದೆ.
ಯಾರದೆಂದು ನನಗೂ ತಿಳಿಯದ ಒಂದು ಕಲ್ಲು.
ಬಿಸಿಲು ಬಂದ ಒಂದು ಗಳಿಗೆ, ಪಕ್ಕದಿಂದ,
ಓರೆಯಾಗಿ ಅದರ ಮೈಮೇಲೆ ಬೆಳಕು ಬಿಟ್ಟೆ.
ಹೂವು ಹೂವಿನ ಜಾಗದಲ್ಲೇ ಇತ್ತು.
ಅದರ ಅಡಿಯಿಂದ ಎದ್ದು ಕೂತಳು
ಮಾರ್ಗೆಡ್, ಬಡಗಿಯ ಹೆಂಡತಿ.

ಮನೆಗೆ ಬಂದು ಮೊದಲ ಸಾಲು ಅಳಿಸಿದೆ.
ಬೆಳಗ್ಗೆ ಹೋಗಿ. ಒಂದು ಕನ್ನಡಿ ಒಯ್ಯಿರಿ.
ಕಲ್ಲಿನ ಎದುರಲ್ಲ, ಮಗ್ಗುಲಲ್ಲಿ ನಿಲ್ಲಿ.
ಹೆಸರು ಎಲ್ಲಿಗೂ ಹೋಗಿಲ್ಲ.

ಇದರಿಂದ ನಾಲ್ಕು ಸ್ಥಾನ ಜಾರಿದ್ದೇನಂತೆ.
ತೆಗೆಯುವ ಮಾತು ಪುಟದ ಮೇಲ್ಭಾಗದಲ್ಲಿ ಸಾಲದಂತೆ.
ಇರಬಹುದು.
ನಿನ್ನೆ ರಾತ್ರಿ ಮೂರಕ್ಕೆ ಯಾರೋ ಬಂದು
ನಲವತ್ತು ನಿಮಿಷ ಇದ್ದು ಹೋಗಿದ್ದಾರೆ.
ಪುಟ ತೆರೆದಿಟ್ಟೇ ನಿದ್ದೆ ಹೋಗಿರಬೇಕು, ಅಂದ ಟುಡುರ್.

ಹೋಗಲಿ. ನಿದ್ದೆಯಾದರೂ ಬಂತಲ್ಲ.